ಸ್ತೋತ್ರ ಬಾಯಿಗೆ ಬಾರದ ದಿನಗಳಲ್ಲಿ

ನನ್ನ ಹೆಂಡತಿಗೆ ಎದೆಯ ಕ್ಯಾನ್ಸರ್ ಇದೆ ಎಂದು ಬಯಾಪ್ಸಿಯಲ್ಲಿ ಗೊತ್ತಾದ ಮೇಲೆ ಮಂಡ್ಯದ ನಮ್ಮ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ವಿಶ್ವಾಸ ಇಡಿ ಸಾರ್." ಅವರು ಪ್ರೀತಿಯಿಂದಲೇ ಹೇಳಿದರು. ಆದರೆ ವಿಶ್ವಾಸ ಇಟ್ಟವನು ಬೆಳಿಗ್ಗೆ ಎದ್ದು ಏನು ಮಾಡಬೇಕು, ಕೀಮೋ ಹಾಕಿಸಿಕೊಂಡು ಬಂದ ರಾತ್ರಿ ಹೆಂಡತಿ ಬಕೆಟ್ ಮುಂದೆ ಕೂತಿರುವಾಗ ಏನು ಮಾಡಬೇಕು ಅನ್ನುವುದು ಆ ಮಾತಿನಲ್ಲಿ ಇರಲಿಲ್ಲ. ಅದನ್ನು ನಾವಿಬ್ಬರೂ ದಿನದಿನವೂ ಹುಡುಕಿಕೊಳ್ಳಬೇಕಾಯಿತು.

ನಮ್ಮದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆ. ಚಿಕಿತ್ಸೆ ಶುರುವಾಗುವ ಮೊದಲೇ ಪರಿಚಯದವರೊಬ್ಬರು ಒಬ್ಬ ಬೋಧಕರನ್ನು ಮನೆಗೆ ಕರೆತಂದರು. ಉಪವಾಸ ಪ್ರಾರ್ಥನೆ ಮಾಡಿದರೆ ಸಾಕು, ಮಾತ್ರೆ ಇಂಜೆಕ್ಷನ್ ಅಂತ ಹೋದರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಲೇ ಅರ್ಥ ಎಂದರು ಅವರು. ಕಾಫಿ ಕೊಟ್ಟು, ಪ್ರಾರ್ಥನೆ ಮಾತ್ರ ಮಾಡಿಸಿಕೊಂಡು ಕಳಿಸಿದೆ. ಆ ವಿಷಯದಲ್ಲಿ ನನಗೆ ಗೊಂದಲ ಇರಲಿಲ್ಲ. ರಾಜ ಹಿಜ್ಕೀಯ ಅತ್ತು ಪ್ರಾರ್ಥಿಸಿದಾಗ ದೇವರು ಕೇಳಿದನೆಂದು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ ಇದೆ. ಅದೇ ಕಥೆಯಲ್ಲಿ ಪ್ರವಾದಿ ಯೆಶಾಯ ಅಂಜೂರದ ಹಣ್ಣಿನ ಉಂಡೆ ತರಿಸಿ ರಾಜನ ಹುಣ್ಣಿಗೆ ಕಟ್ಟಿಸಿದ್ದೂ ಇದೆ. ಪೌಲನ ಜೊತೆಗಾರ ಲೂಕ ವೈದ್ಯ. ಅಷ್ಟು ದೂರ ಯಾಕೆ ಹೋಗಬೇಕು, ಮೈಸೂರಿನ ಮಿಷನ್ ಆಸ್ಪತ್ರೆಯನ್ನು ನೂರು ವರ್ಷಕ್ಕೂ ಹಿಂದೆ ಹೆಂಗಸರು ಮಕ್ಕಳಿಗಾಗಿ ಕಟ್ಟಿದವರು ಪ್ರಾರ್ಥನೆ ಮಾಡುತ್ತಿದ್ದ ಜನವೇ. ನಮ್ಮಜ್ಜಿಯ ಹೆರಿಗೆಗಳೂ ಅಲ್ಲೇ ಆದವು.

ಆದ್ದರಿಂದ ಎರಡನ್ನೂ ಒಟ್ಟಿಗೆ ಹಿಡಿದೆವು. ನಮ್ಮ ಪಾದ್ರಿ ಅಯ್ಯನವರು ಸಭೆಯ ಹಿರಿಯರನ್ನು ಕರೆದುಕೊಂಡು ಬಂದು, ಯಾಕೋಬನ ಪತ್ರಿಕೆಯಲ್ಲಿ ಹೇಳಿರುವ ಹಾಗೆ ಅವಳ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ನಾನು ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಹೋಗಿ ಆಯುಷ್ಮಾನ್ ಯೋಜನೆಗೆ ಬೇಕಾದ ರೆಫರಲ್ ಕಾಗದ ಮಾಡಿಸಿಕೊಂಡೆ. ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಯಾರಿಗಾದರೂ ಈ ಕಾಯಿಲೆ ಬಂದಾಗ ಮೊದಲ ವಾರದಲ್ಲೇ ಆ ಕಾಗದದ ಕೆಲಸ ಮುಗಿಸಿಕೊಳ್ಳಿ. ದುಡ್ಡಿನ ಚಿಂತೆ ತಲೆಯಲ್ಲಿ ಕೂತರೆ ಪ್ರಾರ್ಥನೆಗೂ ಜಾಗ ಇರುವುದಿಲ್ಲ.

ಆಮೇಲೆ ಮಂಡ್ಯದಿಂದ ಮೈಸೂರಿಗೆ ಓಡಾಟ ಶುರುವಾಯಿತು. ಮೊದಲು ಕೊಟ್ಟದ್ದು ವಾರ್ಡಿನಲ್ಲಿ ಎಲ್ಲರೂ ಕೆಂಪು ಔಷಧಿ ಅನ್ನುವ ಕೀಮೋ. ನೋಡುವುದಕ್ಕೂ ಕೆಂಪಗೇ ಇರುತ್ತದೆ, ಮೂತ್ರವೂ ಒಂದೆರಡು ದಿನ ಕೆಂಪಾಗುತ್ತದೆ. ಮೊದಲೇ ಹೇಳಿದ್ದರಿಂದ ನಾವು ರಕ್ತ ಅಂದುಕೊಂಡು ಹೆದರಲಿಲ್ಲ.

ಕಷ್ಟವಾದದ್ದು ಪ್ರಾರ್ಥನೆಯ ವಿಷಯ. ನಮ್ಮ ಮನೆಯಲ್ಲಿ ಸಂಜೆ ಪ್ರಾರ್ಥನೆ ಯಾವಾಗಲೂ ಸ್ತೋತ್ರದಿಂದ, ಅಂದರೆ ದೇವರನ್ನು ಹೊಗಳಿ ಕೃತಜ್ಞತೆ ಹೇಳುವುದರಿಂದ, ಶುರುವಾಗಿ ಸ್ತೋತ್ರದಲ್ಲೇ ಮುಗಿಯುತ್ತಿತ್ತು. ನಮ್ಮಪ್ಪ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿಕೊಂಡು ಬಂದಿದ್ದೆ. ಎರಡನೇ ಕೀಮೋ ಆದ ಮೇಲೆ ಒಂದು ಸಂಜೆ ಅವಳು ಹೇಳಿದಳು: "ರೀ, ನನ್ನ ಬಾಯಲ್ಲಿ ಸ್ತೋತ್ರ ಬರ್ತಾ ಇಲ್ಲ. ಬಲವಂತ ಮಾಡಬೇಡಿ. ಬೇರೆ ಏನಾದ್ರೂ ಓದಿ."

ಬೇರೆ ಏನು ಓದಲಿ ಎಂದು ಸತ್ಯವೇದದ ಕೀರ್ತನೆಗಳ ಪುಸ್ತಕವನ್ನು ತಿರುವಿದೆ. ಹದಿಮೂರನೆಯದು ಸಿಕ್ಕಿತು. ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ "ಎಲ್ಲಿಯ ತನಕ" ಎಂದು ದೇವರನ್ನು ಕೇಳುವ ಕೀರ್ತನೆ ಅದು. ಓದಿದೆ. ಅವಳು ಕಣ್ಣು ಮುಚ್ಚಿಕೊಂಡು "ಇನ್ನೊಂದು ಸಲ" ಅಂದಳು. ಆಮೇಲೆ ಎಂಬತ್ತೆಂಟನೆಯದಕ್ಕೆ ಬಂದೆವು. ಗೋಳಿನ ಬೇರೆ ಕೀರ್ತನೆಗಳು ಕೊನೆಗಾದರೂ ಒಂದಿಷ್ಟು ಭರವಸೆಯ ಕಡೆಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ನಿಂತುಬಿಡುತ್ತದೆ. ಓದಿ ಮುಗಿಸಿ, ಅಭ್ಯಾಸದಂತೆ ಒಂದು ಸ್ತೋತ್ರ ಸೇರಿಸಲೇ ಎಂದು ಕೇಳಿದೆ. "ಬೇಡ. ಅದು ಎಲ್ಲಿ ನಿಲ್ಲುತ್ತೋ ಅಲ್ಲೇ ನಿಲ್ಲಿಸೋಣ. ಇದನ್ನು ಬರೆದವರಿಗೆ ನನ್ನ ಸಂಕಟ ಗೊತ್ತಿತ್ತು" ಅಂದಳು. ಅಲ್ಲೇ ನಿಲ್ಲಿಸಿ ದೀಪ ಆರಿಸಿದೆವು. ಅವತ್ತು ಅವಳು ನಿದ್ದೆ ಮಾಡಿದಳು.

ಇದರ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಸತ್ಯವೇದದ 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿನಷ್ಟು ಗೋಳೇ ಇದೆ. ಅದನ್ನು ದೇವರ ಮುಂದೆ ಹೇಳಬಾರದಾಗಿದ್ದರೆ ಸತ್ಯವೇದದೊಳಗೆ ಯಾಕೆ ಇಟ್ಟುಕೊಂಡು ಬರುತ್ತಿದ್ದರು? ಕಾಯಿಲೆ ಬಿದ್ದವರ ಹತ್ತಿರ ನಗುಮುಖದ ಸ್ತೋತ್ರ ಮಾಡಿಸಲೇಬೇಕು ಅನ್ನುವ ಹಟ ನಮ್ಮ ಸಭೆಗಳಲ್ಲಿ ಸ್ವಲ್ಪ ಜಾಸ್ತಿ. ಅಳುವ ಕೀರ್ತನೆಯೂ ಪ್ರಾರ್ಥನೆಯೇ. ಅದನ್ನು ಜೋರಾಗಿ ಓದಿ ಕೊಡುವವರು ಒಬ್ಬರು ಪಕ್ಕದಲ್ಲಿರಬೇಕು, ಅಷ್ಟೇ.

ಕೀಮೋ ದಿನದ ರಾತ್ರಿಗಳದ್ದೇ ಇನ್ನೊಂದು ಕಥೆ. ವಾಂತಿ ತಡೆಯಲು, ಅಲರ್ಜಿ ಆಗದಿರಲು ಸ್ಟೀರಾಯ್ಡ್ ಕೊಡುತ್ತಾರೆ. ಅದರಿಂದ ಮೈ ಎಷ್ಟು ದಣಿದಿದ್ದರೂ ಕಣ್ಣು ಮುಚ್ಚುವುದಿಲ್ಲ. ರಾತ್ರಿ ಎರಡು ಗಂಟೆಗೆ ಅವಳು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಆ ಹೊತ್ತಿನಲ್ಲಿ ನನಗೆ ನೆನಪಾಗುತ್ತಿದ್ದದ್ದು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟ. ಯೇಸು ಆ ರಾತ್ರಿ ತನ್ನ ಶಿಷ್ಯರಿಂದ ದೊಡ್ಡದೇನನ್ನೂ ಕೇಳಲಿಲ್ಲ, ನನ್ನ ಜೊತೆ ಎಚ್ಚರವಾಗಿರಿ ಅಂದನು. ಅವರು ನಿದ್ದೆ ಹೋದರು. ನನ್ನಿಂದ ಕಾಯಿಲೆ ವಾಸಿ ಮಾಡಲು ಆಗದು, ಎಚ್ಚರವಾಗಿರಲು ಆಗುತ್ತದೆ ಎಂದು ತೀರ್ಮಾನ ಮಾಡಿದೆ. ಬಿಸಿನೀರು ಕಾಯಿಸುತ್ತಿದ್ದೆ, ಕಾಲು ಒತ್ತುತ್ತಿದ್ದೆ, ಅವಳು ಮಾತಾಡಿದರೆ ಮಾತಾಡುತ್ತಿದ್ದೆ. ಎಷ್ಟೋ ರಾತ್ರಿ "ಕರ್ತನೇ, ಇವಳ ಜೊತೆ ಇರು" ಅನ್ನುವುದಕ್ಕಿಂತ ಉದ್ದದ ಪ್ರಾರ್ಥನೆ ನಾನು ಮಾಡಿಲ್ಲ. ಆ ರಾತ್ರಿಗಳಿಗೋಸ್ಕರ ಮಧ್ಯಾಹ್ನ ಒಂದು ಗಂಟೆ ಮಲಗಿಕೊಳ್ಳುವುದನ್ನು ರೂಢಿಸಿಕೊಂಡೆ. ನೋಡಿಕೊಳ್ಳುವವರು ಅದನ್ನು ಬಿಡಬಾರದು.

ಸಭೆಯವರ ಪ್ರೀತಿಗೆ ಒಂದು ದಾರಿ ಮಾಡಿಕೊಡುವುದು ನನ್ನದೇ ಜವಾಬ್ದಾರಿಯಾಯಿತು. ಕೀಮೋ ಆದ ಮೇಲೆ ಒಂದು ವಾರದಿಂದ ಎರಡು ವಾರದ ಮಧ್ಯೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಯಾರದೋ ನೆಗಡಿ ಅವಳಿಗೆ ಪ್ರಾಣಕ್ಕೆ ಬರಬಹುದು. ಜ್ವರ 100.4 ಡಿಗ್ರಿ ಮುಟ್ಟಿದರೆ ಡೋಲೋ ನುಂಗಿಸಿ ಬೆಳಗಾಗಲಿ ಎಂದು ಕಾಯಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮವರಿಗೋ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೇ ಸಮಾಧಾನ. ಬಾಗಿಲಲ್ಲಿ ನಿಂತು ಹಿರಿಯರಿಗೆ "ಅಣ್ಣ, ಈ ವಾರ ಒಳಗೆ ಬೇಡ" ಅನ್ನುವುದು ಸುಲಭವಲ್ಲ. ಹಾಗಾಗಿ ಹೆಂಗಸರ ಪ್ರಾರ್ಥನಾ ಕೂಟದ ಅಕ್ಕನಿಗೆ ಫೋನ್ ಮಾಡಿ ಏನೇನು ಬೇಕೆಂದು ಬಿಡಿಸಿ ಹೇಳಿದೆ. ನಾಳೆ ಬ್ಲಡ್ ಕೌಂಟ್ ಪರೀಕ್ಷೆ, ಅದಕ್ಕಾಗಿ ಪ್ರಾರ್ಥಿಸಿ. ಬಾಯಿ ಹುಣ್ಣಾಗಿದೆ, ಖಾರವಿಲ್ಲದ ತಿಳಿಸಾರು, ಮೆತ್ತನೆಯ ಅನ್ನ ಕಳಿಸಿ. ಹಸಿ ಸೌತೆಕಾಯಿ, ಕೋಸಂಬರಿ ಬೇಡ. ಅವರು ಸರದಿ ಹಾಕಿಕೊಂಡು ಕಳಿಸಿದರು. ಡಬ್ಬಿ ಗೇಟಿಗೆ ನೇತುಹಾಕಿ, ಅಲ್ಲೇ ನಿಂತು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಕಿಟಕಿಯಿಂದ ಅವಳಿಗೆ ಕೇಳಿಸುತ್ತಿತ್ತು.

ಮಾರ್ಕನ ಸುವಾರ್ತೆಯಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದು, ಮಾಳಿಗೆ ಕಿತ್ತು ಇಳಿಸುತ್ತಾರಲ್ಲ, ಅಲ್ಲಿ ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಹಾಸಿಗೆಯಲ್ಲಿದ್ದವನಿಗೆ ನಂಬಿಕೆ ಎಷ್ಟಿತ್ತು ಎಂದು ಯಾರೂ ಕೇಳಲಿಲ್ಲ. "ನನಗೆ ನಂಬೋಕೆ ಶಕ್ತಿ ಇಲ್ಲ" ಎಂದು ಅವಳು ಅತ್ತ ದಿನ ಈ ಭಾಗ ಓದಿದೆ. ಪಕ್ಕದ ಮನೆಯ ಗೌಡರ ಅಕ್ಕ ಡೋರ್ನಹಳ್ಳಿಯ ಕ್ಯಾಥೊಲಿಕ್ ಚರ್ಚಿಗೆ ಹೋಗಿ ಸಂತ ಅಂತೋನಿಯವರ ಮುಂದೆ ನಮ್ಮ ಹೆಸರಲ್ಲಿ ಮೇಣದಬತ್ತಿ ಹಚ್ಚಿ ಬಂದೆ ಎಂದು ಹೇಳಿದ್ದೂ ಅದೇ ವಾರ. ಅಂತೋನಿಯವರಿಗೆ ಹರಕೆ ಹೊರುವ ಪದ್ಧತಿ ನಮ್ಮ ಸಭೆಯಲ್ಲಿಲ್ಲ. ಆದರೂ ಹಾಸಿಗೆಯ ಒಂದು ಮೂಲೆಯನ್ನು ಆ ಅಕ್ಕನೂ ಹಿಡಿದಿದ್ದರು ಎಂದೇ ನಾನು ನಂಬುತ್ತೇನೆ.

ಆಪರೇಷನ್, ರೇಡಿಯೇಷನ್ ಎರಡೂ ಮುಗಿದವು. ರೇಡಿಯೇಷನ್ನಿಗೆ ದಿನಾ ಹೋಗಬೇಕಾದ್ದರಿಂದ ಆ ವಾರಗಳಲ್ಲಿ ಮೈಸೂರಿನಲ್ಲೇ ನಾದಿನಿಯ ಮನೆಯಲ್ಲಿದ್ದೆವು.

ಇಷ್ಟೆಲ್ಲ ಆದ ಮೇಲೆ ಭಾನುವಾರ ಸಾಕ್ಷಿ ಹೇಳಿ ಎಂದು ಸಭೆಯವರು ಅವಳನ್ನು ಕೇಳಿದರು. ಕೀಮೋ ವಾರ್ಡಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹೆಣ್ಣುಮಗಳೊಬ್ಬಳು ತೀರಿಕೊಂಡಿದ್ದಳು. ಅವಳಿಗೂ ಇಬ್ಬರು ಮಕ್ಕಳು, ಅವಳ ಮನೆಯವರೂ ಮಂಡಿಯೂರಿ ಪ್ರಾರ್ಥಿಸಿದವರೇ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಉತ್ತರ ಕಟ್ಟಿ ಹೇಳುವುದೂ ನನಗೆ ಇಷ್ಟವಿಲ್ಲ. ನನ್ನ ಹೆಂಡತಿ ಎದ್ದು ನಿಂತು, ದೇವರು ಜೊತೆಗಿದ್ದ, ನೀವೆಲ್ಲ ಜೊತೆಗಿದ್ದಿರಿ ಎಂದಳು. ನಮ್ಮ ಪ್ರಾರ್ಥನೆಗೆ ಫಲ ಸಿಕ್ಕಿತು ಅನ್ನುವ ಮಾತು ಮಾತ್ರ ಆಡಲಿಲ್ಲ. "ಆ ಮಕ್ಕಳು ಇಲ್ಲಿ ಕೂತಿದ್ದರೂ ಹೇಳಬಹುದಾದ್ದನ್ನೇ ಹೇಳ್ತೀನಿ" ಎಂದು ಮನೆಯಲ್ಲೇ ನನಗೆ ಹೇಳಿದ್ದಳು. ಸತ್ಯವೇದದಲ್ಲಿ, ರಾಜ ನಿಲ್ಲಿಸಿದ ಪ್ರತಿಮೆಗೆ ಅಡ್ಡಬೀಳದೆ ಬೆಂಕಿಯ ಕುಲುಮೆಯ ಮುಂದೆ ನಿಂತ ಆ ಮೂವರು ದಾನಿಯೇಲನ ಗೆಳೆಯರು, ದೇವರು ಬಿಡಿಸದಿದ್ದರೂ ನಾವು ಆತನವರೇ ಅಂದದ್ದನ್ನು ಓದಿ ಕೂತಳು.

ಈಗ ದಿನಕ್ಕೊಂದು ಹಾರ್ಮೋನ್ ಮಾತ್ರೆ, ಅದು ಐದು ವರ್ಷ. ಮುಂದಿನ ತಿಂಗಳು ಮ್ಯಾಮೊಗ್ರಾಮ್ ಇದೆ. ಸಂಜೆಯ ಪ್ರಾರ್ಥನೆಯಲ್ಲಿ ಸ್ತೋತ್ರ ಮತ್ತೆ ಬಂದಿದೆ, ಹದಿಮೂರನೇ ಕೀರ್ತನೆಯೂ ಉಳಿದುಕೊಂಡಿದೆ. ಯಾವ ದಿನ ಯಾವುದು ಬೇಕೆಂದು ಅವಳೇ ಹೇಳುತ್ತಾಳೆ, ನಾನು ಓದುತ್ತೇನೆ.