ಆನೋಡ್ ಮೇಲಿನ ಜಿಯೋಬ್ಯಾಕ್ಟರ್‌ಗೆ ಗಾಳಿ ತಾಗಿಸಿ ನೋಡಿದ್ದು

ಜಿಯೋಬ್ಯಾಕ್ಟರ್ ಸಲ್ಫರ್‌ರೆಡ್ಯೂಸೆನ್ಸ್ ಎಂಬ ಬ್ಯಾಕ್ಟೀರಿಯಾ ಅಸಿಟೇಟ್ ತಿಂದು, ಅದರ ಎಲೆಕ್ಟ್ರಾನ್‌ಗಳನ್ನು ಆನೋಡ್ ಎಂಬ ಎಲೆಕ್ಟ್ರೋಡ್‌ಗೆ ದಾಟಿಸುತ್ತದೆ; ಅದೇ ಕರೆಂಟ್. ಆನೋಡ್‌ಗೆ ಅಂಟಿ ಬೆಳೆದ ಇದರ ಪದರಕ್ಕೆ, ಅಂದರೆ ಬಯೋಫಿಲ್ಮ್‌ಗೆ, ಆಮ್ಲಜನಕ ತಾಗಿದರೆ ಕರೆಂಟ್ ಇಳಿಯುತ್ತದೆ. ಇಳಿದದ್ದು ಕೋಶಗಳು ಸತ್ತದ್ದಕ್ಕೋ, ಆನೋಡ್‌ಗೆ ಸೇರಬೇಕಾದ ಎಲೆಕ್ಟ್ರಾನನ್ನು ಆಮ್ಲಜನಕ ಕಿತ್ತುಕೊಂಡದ್ದಕ್ಕೋ? ಇದನ್ನು ಬೇರ್ಪಡಿಸುವುದಕ್ಕಾಗಿಯೇ ಇಡೀ ಸೆಟಪ್ ಕಟ್ಟಿದ್ದು.

ಎರಡು ಕೋಣೆಯ ಗಾಜಿನ ಸೆಲ್, ನಡುವೆ ಧನ ಅಯಾನುಗಳನ್ನು ದಾಟಿಸುವ ನಾಫಿಯಾನ್ ಪೊರೆ, ಆನೋಡ್ ಕಡೆ 100 ಮಿ.ಲೀ. ದ್ರವ. ಒಂದೇ ಕೋಣೆಯಾದರೆ ಇನ್ನೊಂದು ಎಲೆಕ್ಟ್ರೋಡ್ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ ಬಯೋಫಿಲ್ಮ್ ಕೆಡಬಹುದು. ಆನೋಡ್ ಆದ ಗ್ರಾಫೈಟ್ ಕಡ್ಡಿಯನ್ನು ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ಗೆ (ವೋಲ್ಟೇಜ್ ಅಳೆಯಲು ಆಧಾರವಾಗುವ ಎಲೆಕ್ಟ್ರೋಡ್) ಎದುರಾಗಿ 0 ವೋಲ್ಟ್‌ನಲ್ಲಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟೆ. ಬ್ಯಾಕ್ಟೀರಿಯಾ ಬೆಳೆಯುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಲೀಟರಿಗೆ ಸೋಡಿಯಂ ಅಸಿಟೇಟ್ 0.82 ಗ್ರಾಂ, ಬೈಕಾರ್ಬೊನೇಟ್ 2.5 ಗ್ರಾಂ, ಜೊತೆಗೆ ಎಂದಿನ ಲವಣ, ವಿಟಮಿನ್‌ಗಳು. ಫ್ಯೂಮರೇಟ್ ಹಾಕಬಾರದು, ಅದೂ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಆಮ್ಲಜನಕ ತೋರಿಸುವ ರೆಸಜುರಿನ್ ಬಣ್ಣವೂ ಬೇಡ. ಅದು ಎಲೆಕ್ಟ್ರೋಡ್ ಮೇಲೆ ತಾನೇ ಪ್ರತಿಕ್ರಿಯಿಸುತ್ತದೆ.

ಹಾಯಿಸುವ ಅನಿಲ ಶೇ. 80 ನೈಟ್ರೋಜನ್, ಶೇ. 20 ಕಾರ್ಬನ್ ಡೈಆಕ್ಸೈಡ್. ಬರೀ ನೈಟ್ರೋಜನ್ ಹಾಯಿಸಿದರೆ ಪಿಎಚ್ ಏರಿಬಿಡುತ್ತದೆ. ಕಡ್ಡಿಯ ಮೇಲೆ ಕೇಸರಿ ಬೆರೆತ ಗುಲಾಬಿ ಲೋಳೆ ಕಂಡರೆ ಬಯೋಫಿಲ್ಮ್ ಚೆನ್ನಾಗಿ ಕೂತಿದೆ ಎಂದರ್ಥ. ಆ ಬಣ್ಣ ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನ್‌ಗಳಾದ ಸೈಟೋಕ್ರೋಮ್‌ಗಳದು.

ಕರೆಂಟ್ ಸ್ಥಿರವಾದ ಮೇಲೆ ನೈಟ್ರೋಜನ್ ಬದಲು ಗಾಳಿ ಕೊಟ್ಟೆ; ಕಾರ್ಬನ್ ಡೈಆಕ್ಸೈಡ್ ಪಾಲು, ಹರಿವಿನ ವೇಗ ಎರಡನ್ನೂ ಬದಲಿಸಲಿಲ್ಲ. ಗುಳ್ಳೆಗಳ ಕಲಕಾಟ ಹೆಚ್ಚುಕಡಿಮೆಯಾದರೂ ಕರೆಂಟ್ ಬದಲಾಗುತ್ತದೆ. ಬ್ಯಾಕ್ಟೀರಿಯಾ ಇಲ್ಲದ ಕಡ್ಡಿಯನ್ನೂ ಇದೇ ರೀತಿ ಅಳೆಯಲೇಬೇಕು. ಆಮೇಲೆ ಮತ್ತೆ ನೈಟ್ರೋಜನ್. ಒಂದೆರಡು ಗಂಟೆಯಲ್ಲಿ ಹಳೆಯ ಮಟ್ಟ ಮುಟ್ಟಿದರೆ ಎಲೆಕ್ಟ್ರಾನ್ ಬೇರೆ ದಾರಿ ಹಿಡಿದಿತ್ತಷ್ಟೇ. ಹೊಸದಾಗಿ ಬೆಳೆಯುವಂತೆ ದಿನಗಟ್ಟಲೆ ನಿಧಾನವಾಗಿ ಏರಿದರೆ ಕೋಶಗಳಿಗೇ ಪೆಟ್ಟು ಬಿದ್ದಿದೆ.

ಹೊರಗಿನ ಗಾಳಿ ಒಳಗೆ ಸೋರುವುದನ್ನು ಹಗುರವಾಗಿ ಎಣಿಸಬೇಡಿ. ಗಾಳಿ ಪೂರ್ತಿ ಕರಗಿದ 100 ಮಿ.ಲೀ. ನೀರಿನಲ್ಲಿ 30 ಡಿಗ್ರಿಗೆ ಸುಮಾರು 0.75 ಮಿ.ಗ್ರಾಂ ಆಮ್ಲಜನಕ. ಒಂದು ಅಣುವಿಗೆ 4 ಎಲೆಕ್ಟ್ರಾನ್‌ನಂತೆ ಅದು ನುಂಗುವುದು ಸುಮಾರು 9 ಕೂಲಂಬ್, ಅಂದರೆ 1 ಮಿಲಿಆಂಪಿಯರ್ ಕರೆಂಟಿನ ಎರಡೂವರೆ ಗಂಟೆಯ ದುಡಿಮೆ. ಸಿಲಿಕೋನ್ ಕೊಳವೆಯ ಗೋಡೆಯೊಳಗಿಂದಲೇ ಆಮ್ಲಜನಕ ನುಸುಳುತ್ತದೆ. ಬ್ಯೂಟೈಲ್ ರಬ್ಬರ್ ಬಿರಡೆ, ಆದಷ್ಟು ಮಟ್ಟಿಗೆ ಉಕ್ಕಿನ ಕೊಳವೆ ಬಳಸಿ.

ಗಾಳಿ ಕೊಡುವ ಮುನ್ನ ಅಸಿಟೇಟ್ ಎಷ್ಟು ಉಳಿದಿದೆ ನೋಡಿಕೊಳ್ಳಿ. ಹೊರಪದರದ ಕೋಶಗಳು ಅಸಿಟೇಟ್ ಸುಡುತ್ತಾ ಆಮ್ಲಜನಕವನ್ನು ಅಲ್ಲೇ ಮುಗಿಸುವುದರಿಂದ ಒಳಪದರ ಬದುಕುತ್ತದೆ. ಅಸಿಟೇಟ್ ಖಾಲಿಯಾದರೆ ಆ ತಡೆ ಇರುವುದಿಲ್ಲ, ಆಮ್ಲಜನಕ ಗ್ರಾಫೈಟ್‌ವರೆಗೂ ಇಳಿಯುತ್ತದೆ.