ಆಟ ನೋಡಿದ್ದನ್ನು ನೋಷನ್‌ನಲ್ಲಿ ಇಟ್ಟುಕೊಳ್ಳುವುದು: ನಾಲ್ಕು ಟೇಬಲ್ ಸಾಕು

ಯಕ್ಷಗಾನ ನೋಡುವವರಲ್ಲಿ ಬರೆದಿಡುವ ಅಭ್ಯಾಸ ಇರುವವರು ತುಂಬಾ ಜನ. ಕರಪತ್ರದ ಹಿಂದೆ ನಾಲ್ಕು ಸಾಲು, ವಾಟ್ಸಾಪಿನಲ್ಲಿ ತಮಗೇ ಕಳಿಸಿಕೊಂಡ ಮೆಸೇಜು, ಡೈರಿಯಲ್ಲೊಂದಿಷ್ಟು. ಬರೆಯುವುದೇನೋ ಆಗುತ್ತದೆ. "ಕರ್ಣಪರ್ವದಲ್ಲಿ ಕರ್ಣನ ವೇಷ ಯಾರ್ಯಾರದ್ದು ನೋಡಿದ್ದೇನೆ?" ಅಂತ ಹುಡುಕಲು ಹೊರಟರೆ ಮಾತ್ರ ಏನೂ ಸಿಗುವುದಿಲ್ಲ. ನಾನು ಸುರತ್ಕಲ್‌ನವಳು. ಕಟೀಲು, ಕದ್ರಿ, ಉರ್ವ, ಉಡುಪಿ ಅಂತ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಇದ್ದಲ್ಲಿಗೆ ಹೋಗುತ್ತೇನೆ, ಹೋದದ್ದನ್ನೆಲ್ಲ ನೋಷನ್ ಎನ್ನುವ ಟಿಪ್ಪಣಿ ಆ್ಯಪ್‌ನಲ್ಲಿ ಇಡುತ್ತೇನೆ. ಒಬ್ಬರೇ ಬಳಸುವುದಾದರೆ ಅದು ಪುಕ್ಕಟೆ. ಮೆನು ಇಂಗ್ಲಿಷಿನಲ್ಲಿದ್ದರೂ ಒಳಗೆ ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು.

ಮೊದಲು ಟೇಬಲ್ ವಿಷಯ. ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿ ತುಂಬಬೇಡಿ. ತಾರೀಕು, ಸ್ಥಳ, ಪ್ರಸಂಗ (ಆಡುವ ಕಥೆ), ಭಾಗವತರು (ಹಾಡುವವರು), ವೇಷಧಾರಿಗಳು ಅಂತ ಕಾಲಂ ಮಾಡುತ್ತಾ ಹೋದರೆ ಒಂದು ಪೆಟ್ಟಿಗೆಯಲ್ಲಿ ಹತ್ತು ಹೆಸರು ತುರುಕಬೇಕಾಗುತ್ತದೆ. ಯಾರು ಯಾವ ಪಾತ್ರ ಮಾಡಿದರು ಎನ್ನುವುದೇ ಅಲ್ಲಿ ಕಳೆದುಹೋಗುತ್ತದೆ. ಮತ್ತೆ ಮತ್ತೆ ಬರುವ ಪ್ರತಿಯೊಂದಕ್ಕೂ ಅದರದ್ದೇ ಟೇಬಲ್ ಬೇಕು, ಉಳಿದ ಕಡೆ ಅದಕ್ಕೆ ಕೊಂಡಿ ಹಾಕಿದರಾಯಿತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಹೇಳಿದ ದಾರಿ ಇದೇ. ಇವತ್ತಿಗೂ ಬ್ಯಾಂಕಿನ ಡೇಟಾಬೇಸ್‌ಗಳು ಹೆಚ್ಚಾಗಿ ಅದರ ಮೇಲೆಯೇ ನಡೆಯುತ್ತವೆ.

ಹಾಗಾಗಿ ಪ್ರಸಂಗಕ್ಕೊಂದು, ಕಲಾವಿದರಿಗೊಂದು, ಆಟಕ್ಕೊಂದು ಟೇಬಲ್ ಮಾಡಿ. ಪ್ರಸಂಗ, ಕಲಾವಿದರ ಟೇಬಲ್‌ಗಳಲ್ಲಿ ಹೆಸರು, ತೆಂಕುತಿಟ್ಟೋ ಬಡಗುತಿಟ್ಟೋ (ಯಕ್ಷಗಾನದ ಎರಡು ಶೈಲಿಗಳು), ಅಷ್ಟಿದ್ದರೆ ಸಾಕು. ಆಟದ ಟೇಬಲ್‌ನಲ್ಲಿ ತಾರೀಕು, ಊರು, ಮೇಳ (ಆಡುವ ತಂಡ), ಮತ್ತೆ ಬಗೆ: ಹರಕೆಯಾಟ, ಟೆಂಟಿನಾಟ, ಕಾಲಮಿತಿ, ತಾಳಮದ್ದಳೆ. ಬಗೆಗೆ ಸೆಲೆಕ್ಟ್ ಎನ್ನುವ ಪ್ರಾಪರ್ಟಿ (ಪಟ್ಟಿಯಿಂದ ಆರಿಸುವ ಕಾಲಂ) ಇಡಿ. ತಾರೀಕಿಗೆ ಒಂದು ನಿಯಮ ಬೇಕು, ಯಾಕೆಂದರೆ ರಾತ್ರಿ ಶುರುವಾದ ಆಟ ಮುಗಿಯುವುದು ಮರುದಿನ ಬೆಳಿಗ್ಗೆ. ನಾನು ಚೌಕಿ ಪೂಜೆ (ಆಟಕ್ಕೆ ಮೊದಲು ಬಣ್ಣದ ಮನೆಯಲ್ಲಿ ಮಾಡುವ ಪೂಜೆ) ಆದ ದಿನದ ತಾರೀಕನ್ನೇ ಹಾಕುತ್ತೇನೆ.

ಇನ್ನು ನಾಲ್ಕನೆಯ ಟೇಬಲ್. ಇಡೀ ಏರ್ಪಾಡಿನ ಜೀವ ಇರುವುದು ಇದರಲ್ಲಿ. ಅದಕ್ಕೆ 'ರಂಗದಲ್ಲಿ' ಅಂತ ಹೆಸರಿಟ್ಟಿದ್ದೇನೆ. ಇದರ ಒಂದು ಸಾಲು ಎಂದರೆ, ಒಂದು ಆಟದಲ್ಲಿ ಒಬ್ಬ ಕಲಾವಿದರು ಮಾಡಿದ ಒಂದು ಕೆಲಸ. ದೇವಿ ಮಹಾತ್ಮೆಯ ಆಟ ಅಂತಿಟ್ಟುಕೊಳ್ಳಿ. ಮಹಿಷಾಸುರನಿಗೊಂದು ಸಾಲು, ರಕ್ತಬೀಜನಿಗೊಂದು ಸಾಲು. ಒಬ್ಬರೇ ಎರಡು ವೇಷ ಮಾಡಿದರೆ ಅವರಿಗೆ ಎರಡು ಸಾಲು. ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಂಡರೂ ಎರಡು ಸಾಲು. ಭಾಗವತರೂ ರಾತ್ರಿಯಿಡೀ ಒಬ್ಬರೇ ಇರುವುದಿಲ್ಲ, ಮೊದಲು ಕಿರಿಯರು ಹಾಡಿ ಆಮೇಲೆ ಮುಖ್ಯ ಭಾಗವತರು ಬರುತ್ತಾರೆ ಅಲ್ವಾ? ಅವರಿಗೂ ಬೇರೆ ಬೇರೆ ಸಾಲು. ಚೆಂಡೆ, ಮದ್ದಳೆಯವರನ್ನು ಬಿಡಬೇಡಿ. ಹಿಮ್ಮೇಳದವರ ಹೆಸರು ಎಲ್ಲೂ ಸರಿಯಾಗಿ ಉಳಿಯುವುದಿಲ್ಲ, ನಮ್ಮ ಹತ್ತಿರವಾದರೂ ಇರಲಿ.

ಕೊಂಡಿ ಹಾಕುವುದು ಹೀಗೆ. 'ರಂಗದಲ್ಲಿ' ಟೇಬಲ್‌ನ ಕೊನೆಯಲ್ಲಿರುವ ಪ್ಲಸ್ ಒತ್ತಿ, ರಿಲೇಶನ್ ಆರಿಸಿ, ಆಟದ ಟೇಬಲ್ ತೋರಿಸಿ. ಕೊಂಡಿ ಆಚೆ ಕಡೆಯೂ ಕಾಣಿಸಬೇಕೇ ಎಂದು ಕೇಳುವಲ್ಲಿ ಹೌದು ಮಾಡಿ. ಕಲಾವಿದರಿಗೂ ಹೀಗೆಯೇ. ಆಟದ ಟೇಬಲ್‌ನಿಂದ ಪ್ರಸಂಗಕ್ಕೂ ಒಂದು ಕೊಂಡಿ. ಆಮೇಲೆ ರೋಲಪ್ ಎನ್ನುವ ಪ್ರಾಪರ್ಟಿ ಸೇರಿಸಿದರೆ ಆಟದ ತಾರೀಕು, ಊರು ತಾವಾಗಿ 'ರಂಗದಲ್ಲಿ'ಗೆ ಬರುತ್ತವೆ, ಎರಡನೇ ಸಲ ಬರೆಯುವ ಕೆಲಸವಿಲ್ಲ. ಈಗ ಒಬ್ಬ ಕಲಾವಿದರ ಪುಟ ತೆರೆದರೆ ನೀವು ನೋಡಿದ ಅವರ ವೇಷಗಳೆಲ್ಲ ಅಲ್ಲೇ ಇರುತ್ತವೆ. 'ರಂಗದಲ್ಲಿ'ಯಲ್ಲಿ ಪಾತ್ರಕ್ಕೊಂದು ಕಾಲಂ ಇಟ್ಟು ಕರ್ಣ ಅಂತ ಫಿಲ್ಟರ್ ಹಾಕಿದರೆ ನೋಡಿದ ಕರ್ಣರೆಲ್ಲ ಸಾಲಾಗಿ ಬರುತ್ತಾರೆ.

ಕೊಂಡಿಯಿಂದ ಇನ್ನೊಂದು ಲಾಭ ಇದೆ, ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡದು. ದೇವಿಮಹಾತ್ಮೆ, ದೇವಿ ಮಹಾತ್ಮೆ, ಶ್ರೀದೇವಿ ಮಹಾತ್ಮೆ ಅಂತ ಒಂದೊಂದು ಸಲ ಒಂದೊಂದು ರೀತಿ ಟೈಪ್ ಮಾಡಿದರೆ ಕಂಪ್ಯೂಟರಿಗೆ ಅವು ಮೂರು ಬೇರೆ ಪ್ರಸಂಗ. ಪಟ್ಟಿಯಿಂದ ಆರಿಸಿದರೆ ಆ ತೊಂದರೆ ಇಲ್ಲ. ಹಳೆಯ ನೋಟ್ಸ್ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಸುಮ್ನೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ.

ನೋಷನ್‌ನಲ್ಲಿ ಟೇಬಲ್‌ನ ಪ್ರತಿ ಸಾಲೂ ಒಂದು ಪುಟ. ಸಾಲನ್ನು ತೆರೆದು ಒಳಗೆ ಎಷ್ಟು ಬೇಕಾದರೂ ಬರೆಯಬಹುದು. ಐದಕ್ಕೆ ಇಷ್ಟು ಅಂತ ಅಂಕ ಕೊಡುವ ಕಾಲಂ ನನಗೆ ಬೇಡವೇ ಬೇಡ. 'ನಾಲ್ಕು' ಅಂತ ಬರೆದರೆ ಮುಂದಿನ ವರ್ಷ ಏನು ನೆನಪಾಗುತ್ತದೆ? ಅದರ ಬದಲು, ದೊಂದಿಯ ಬೆಳಕಿನಲ್ಲಿ ಮಹಿಷಾಸುರ ಜನರ ನಡುವಿನಿಂದ ಬಂದಾಗ ಯಾವ ಕಡೆಯಿಂದ ಬಂದ, ರಾಳ ಎಷ್ಟು ಹೊತ್ತು ಉರಿಯಿತು, ಚೆಂಡೆ ಎಲ್ಲಿ ಏರಿತು, ಅರ್ಥದಲ್ಲಿ (ಕಲಾವಿದರ ಸಂಭಾಷಣೆಯಲ್ಲಿ) ಯಾವ ಮಾತು ಹೊಸದಾಗಿ ಕೇಳಿಸಿತು ಅಂತ ಬರೆಯಿರಿ. ಮರುದಿನ ಮಧ್ಯಾಹ್ನದೊಳಗೆ ಬರೆದರೆ ಒಳ್ಳೆಯದು.

ವೀಡಿಯೋ, ಆಡಿಯೋ ಇದರಲ್ಲಿ ಇಡಲು ಹೋಗಬೇಡಿ. ಪುಕ್ಕಟೆ ಪ್ಲಾನ್‌ನಲ್ಲಿ ಒಂದು ಫೈಲ್ 5 ಎಂಬಿ ದಾಟುವಂತಿಲ್ಲ. ಹಾರ್ಡ್ ಡಿಸ್ಕಿನಲ್ಲಿಟ್ಟು ಫೈಲಿನ ಹೆಸರನ್ನು ಮಾತ್ರ ಇಲ್ಲಿ ಬರೆಯಿರಿ. ಕಲಾವಿದರ ಫೋನ್ ನಂಬರೂ ಬೇಡ. ಪುಟವನ್ನು ಯಾರಿಗಾದರೂ ಹಂಚಿಕೊಂಡರೆ ಅದೂ ಜೊತೆಗೆ ಹೋಗುತ್ತದೆ.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುತ್ತದಲ್ಲ, ಒಂದು ಪ್ರತಿ ಇಳಿಸಿಕೊಳ್ಳಲು ಅದು ಒಳ್ಳೆಯ ಸಮಯ. ಎಕ್ಸ್‌ಪೋರ್ಟ್‌ನಲ್ಲಿ ಮಾರ್ಕ್‌ಡೌನ್ ಮತ್ತು ಸಿಎಸ್‌ವಿ ಆರಿಸಿ. ಪುಟಗಳು ಮಾರ್ಕ್‌ಡೌನ್ (ಸರಳ ಪಠ್ಯದ ಫೈಲ್) ಆಗಿ, ಟೇಬಲ್‌ಗಳು ಸಿಎಸ್‌ವಿಯಾಗಿ (ಸ್ಪ್ರೆಡ್‌ಶೀಟಿನಲ್ಲಿ ತೆರೆಯುವ ಫೈಲ್) ಬರುತ್ತವೆ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡ ಕೆಟ್ಟು ಕಂಡರೆ ಗಾಬರಿಯಾಗಬೇಡಿ, ಫೈಲ್ ಹಾಳಾಗಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಯಾವ ಕ್ಯಾರೆಕ್ಟರ್ ಸೆಟ್ ಅಂತ ಅದು ಮೊದಲೇ ಕೇಳುತ್ತದೆ. ಯುಟಿಎಫ್-8 ಆರಿಸಿ.