ವ್ಯಾನನ್ನು ಮನೆ ಮಾಡಿಕೊಳ್ಳುವ ಮುನ್ನ: ಗಾಳಿ, ಕರೆಂಟು, ನೀರು

ವ್ಯಾನ್ ಕೈಗೆ ಬಂದ ಕೂಡಲೇ ಎಲ್ಲರ ಯೋಚನೆ ಓಡುವುದು ಮಂಚ, ಕಪಾಟು, ಅಡುಗೆ ಕಟ್ಟೆಯ ಕಡೆಗೆ. ಅವು ಕೊನೆಗೆ ಬರಲಿ. ತಿಂಗಳುಗಟ್ಟಲೆ ದಾರಿಯಲ್ಲಿ ಇರುವವರನ್ನು ನಿಜವಾಗಿ ಕಾಡುವುದು ಹಲಗೆಯ ಹಿಂದೆ ತಗಡಿಗೆ ಹಿಡಿಯುವ ತುಕ್ಕು, ಬ್ಯಾಟರಿ ತುಂಬಿದ್ದರೂ ನಿಂತುಹೋಗುವ ಫ್ರಿಜ್ಜು, ವಾಸನೆ ಬರುವ ನೀರಿನ ಟ್ಯಾಂಕು. ಇವೆಲ್ಲ ಹುಟ್ಟುವುದು ಹಲಗೆ ಹೊಡೆದ ಮೇಲೆ ಕಣ್ಣಿಗೆ ಬೀಳದ ಜಾಗದಲ್ಲಿ. ಹಾಗಾಗಿ ಮುಚ್ಚಿಹೋಗುವ ಕೆಲಸವನ್ನು ಮೊದಲು ಸರಿಯಾಗಿ ಮುಗಿಸಿ. ಮುಚ್ಚುವಾಗಲೂ ಪ್ರತಿ ಫ್ಯೂಸು, ಪ್ರತಿ ಪೈಪ್ ಜಾಯಿಂಟು ಒಂದು ಸ್ಕ್ರೂಡ್ರೈವರ್‌ನಿಂದ ಬಿಚ್ಚಿ ನೋಡುವಂತಿರಲಿ.

ಒಳಗಿನ ತೇವ

ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು ಮತ್ತು ಬೆವರಿನಿಂದಲೇ ಅರ್ಧದಿಂದ ಒಂದು ಲೀಟರ್‌ನಷ್ಟು ನೀರು ಒಳಗಿನ ಗಾಳಿಗೆ ಸೇರುತ್ತದೆ. ಅಡುಗೆಯದು ಬೇರೆ: ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. ಪಾತ್ರೆಯಿಂದ ಏಳುವ ಹಬೆ ಈ ಲೆಕ್ಕಕ್ಕೆ ಸೇರಿಲ್ಲ. ಹೊರಗೆ ಚಳಿ ಇದ್ದಾಗ ಈ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ, ಹಲಗೆಯ ಹಿಂದೆ ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ. ಮುಂದೆ ಬೂಸ್ಟು, ಆಮೇಲೆ ತುಕ್ಕು.

ಇದಕ್ಕೆ ಮದ್ದು ಎರಡು, ಎರಡೂ ಬೇಕು. ಮೊದಲನೆಯದು ತಗಡಿಗೆ ಹೊದಿಕೆ. ತಗಡನ್ನು ಜಿಡ್ಡಿಲ್ಲದಂತೆ ಒರೆಸಿ, ಇರುವ ತುಕ್ಕನ್ನು ಕೆರೆದು ಪ್ರೈಮರ್ ಹಚ್ಚಿ, ನೀರು ಹೀರದ ಕ್ಲೋಸ್ಡ್ ಸೆಲ್ ಫೋಮನ್ನು 20–25 ಮಿ.ಮೀ. ದಪ್ಪಕ್ಕೆ ಸಂದಿಲ್ಲದಂತೆ ಅಂಟಿಸಿ. ಫೋಮಿಗೂ ತಗಡಿಗೂ ನಡುವೆ ಪೊಳ್ಳು ಉಳಿದರೆ ಹನಿ ಕೂರುವುದು ಅಲ್ಲೇ. ತಗಡಿನ ಪಕ್ಕೆಲುಬುಗಳನ್ನು, ಅಂದರೆ ಒಳಗೆ ಉಬ್ಬಿರುವ ಕಂಬಿಗಳನ್ನು, ಹೆಚ್ಚಿನವರು ಹಾಗೇ ಬಿಡುತ್ತಾರೆ. ಚಳಿ ಒಳಗೆ ಬರುವುದು ಅವುಗಳ ಮೂಲಕವೇ, ಆದ್ದರಿಂದ ಅವುಗಳ ಮೇಲೂ 6–10 ಮಿ.ಮೀ. ಫೋಮ್ ಬರಲಿ. ಗ್ಲಾಸ್‌ವೂಲ್ ಬೇಡ, ಒಮ್ಮೆ ಒದ್ದೆಯಾದರೆ ಹಲಗೆಯ ಹಿಂದೆ ಅದು ಒಣಗುವುದೇ ಇಲ್ಲ. ಬೆಳ್ಳಿ ಬಣ್ಣದ ಬಬಲ್ ಹಾಳೆಯನ್ನು ನೇರ ತಗಡಿಗೆ ಅಂಟಿಸಿದರೆ ಹೆಚ್ಚು ಪ್ರಯೋಜನವಿಲ್ಲ, ಎದುರಿಗೆ ಗಾಳಿಯ ಸಂದು ಇದ್ದರೆ ಮಾತ್ರ ಅದು ಬಿಸಿಲಿನ ಕಾವನ್ನು ತಡೆಯುತ್ತದೆ. ಬಾಗಿಲಿನ ಅಡಿಯಲ್ಲಿ ಕಾರ್ಖಾನೆಯವರೇ ಬಿಟ್ಟ ನೀರಿಳಿಯುವ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಎರಡನೆಯದು ಗಾಳಿಯ ಓಡಾಟ. ಬರುವ ದಾರಿ ಕೆಳಗೆ, ಹೋಗುವ ದಾರಿ ಮೇಲೆ ಇರಬೇಕು. ಚಾವಣಿಯಲ್ಲಿ ಒಂದು ಫ್ಯಾನ್ ಇದ್ದು ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದರೆ ಅದು ಸದ್ದು ಮಾಡುತ್ತದೆಯೇ ಹೊರತು ಗಾಳಿ ಎಳೆಯುವುದಿಲ್ಲ. ಮುಂದಿನ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ, ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿ ರಾತ್ರಿಯಿಡೀ ಬಿಡಿ. ಚಳಿ ಎಂದು ಎಲ್ಲವನ್ನೂ ಮುಚ್ಚಿ ಮಲಗುವುದೇ ತೇವದ ಮೂಲ.

ಫ್ಯಾನಿಗಾಗಿ ಚಾವಣಿ ಕೊಯ್ಯುವುದಕ್ಕೆ ಎಲ್ಲರೂ ಹೆದರುತ್ತಾರೆ. ಕೊಯ್ಯುವುದು ಸುಲಭ, ಅದರ ನಂತರದ ಅರ್ಧ ಗಂಟೆಯ ಕೆಲಸವೇ ಮುಖ್ಯ. ಚೌಕವನ್ನು ಎರಡು ಪಕ್ಕೆಲುಬುಗಳ ನಡುವೆ ಗುರುತಿಸಿ. ಸುತ್ತ ಪೇಂಟಿಗೆ ಟೇಪ್ ಹಚ್ಚಿ, ಮೂಲೆಗಳಿಗೆ ಮೊದಲು ಡ್ರಿಲ್ ಮಾಡಿ, ಜಿಗ್‌ಸಾದಲ್ಲಿ ಕೊಯ್ಯಿರಿ. ಅಂಚನ್ನು ಅರದಲ್ಲಿ ಉಜ್ಜಿ, ಬರಿ ಲೋಹಕ್ಕೆ ಪ್ರೈಮರ್ ಮತ್ತು ಪೇಂಟ್ ಹಚ್ಚಿ ಪೂರ್ತಿ ಒಣಗಲು ಬಿಡಿ. ಉದುರಿದ ಲೋಹದ ಚೂರುಗಳನ್ನು ಆಗಲೇ ಬ್ರಷ್‌ನಿಂದ ಗುಡಿಸಿ ಅಯಸ್ಕಾಂತದಿಂದ ಎತ್ತಿ. ಒಂದು ರಾತ್ರಿ ಇಬ್ಬನಿ ಬಿದ್ದರೂ ಸಾಕು, ಪ್ರತಿ ಚೂರೂ ಪೇಂಟಿನ ಮೇಲೆ ಕಂದು ಚುಕ್ಕೆ ಬಿಡುತ್ತದೆ. ಆಮೇಲೆ ಫ್ರೇಮಿನ ಕೆಳಗೆ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರಿನ ಪಟ್ಟಿ), ಅಂಚಿಗೂ ಸ್ಕ್ರೂ ತಲೆಗಳಿಗೂ ಪಾಲಿಯುರೆಥೇನ್ ಸೀಲೆಂಟ್. ಚಾವಣಿಯ ತಗ್ಗು ಗೆರೆಗಳಲ್ಲಿ ಟೇಪನ್ನು ಎರಡು ಪದರ ಹಾಕಿ ಮಟ್ಟ ಮಾಡಿಕೊಳ್ಳಿ. ಬಚ್ಚಲಿಗೆ ಬಳಸುವ ಸಿಲಿಕೋನ್ ಇಲ್ಲಿ ಬೇಡ. ಅದು ಕುಲುಕಾಟಕ್ಕೆ ಬಿಟ್ಟುಕೊಳ್ಳುತ್ತದೆ, ಉಳಿದ ಜಿಡ್ಡಿನ ಮೇಲೆ ಮತ್ತೆ ಬೇರೆ ಯಾವ ಸೀಲೆಂಟೂ ಹಿಡಿಯುವುದಿಲ್ಲ.

ಹಾಸಿಗೆಯ ಅಡಿಯನ್ನೂ ಮರೆಯಬಾರದು. ಪ್ಲೈವುಡ್ ಮೇಲೆ ನೇರವಾಗಿ ಹಾಸಿದರೆ ಕೆಲವೇ ವಾರಗಳಲ್ಲಿ ಕೆಳಭಾಗ ಕಪ್ಪಾಗುತ್ತದೆ. ಪಟ್ಟಿಗಳ ಮಂಚ ಮಾಡಿ, ಪಟ್ಟಿಗಳ ನಡುವೆ 3–4 ಸೆಂ.ಮೀ. ಬಿಡಿ, ಬೆಳಿಗ್ಗೆ ಹಾಸಿಗೆಯನ್ನು ಸ್ವಲ್ಪ ಹೊತ್ತು ಎತ್ತಿ ನಿಲ್ಲಿಸಿ.

ಕರೆಂಟಿನ ಲೆಕ್ಕ

ಯಾವ ಬ್ಯಾಟರಿ ಎಂದು ಕೇಳುವ ಮೊದಲು ದಿನಕ್ಕೆ ಎಷ್ಟು ಬೇಕು ಎಂದು ಬರೆದುಕೊಳ್ಳಿ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು ಓಡುವಾಗ 45 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ದಿನದಲ್ಲಿ ನೂರಕ್ಕೆ 40ರಷ್ಟು ಹೊತ್ತು ಓಡಿದರೆ ಸುಮಾರು 430 ವ್ಯಾಟ್-ಅವರ್ (ವ್ಯಾಟನ್ನು ಓಡಿದ ಗಂಟೆಗಳಿಂದ ಗುಣಿಸಿದ ಲೆಕ್ಕ). ಮೂರು ವ್ಯಾಟಿನ ನಾಲ್ಕು ಎಲ್‌ಇಡಿ ದೀಪ ನಾಲ್ಕು ಗಂಟೆಗೆ 48. ಚಾವಣಿಯ ಫ್ಯಾನ್ 15 ವ್ಯಾಟಿನಂತೆ ಎಂಟು ಗಂಟೆಗೆ 120. ಒಂದು ಲ್ಯಾಪ್‌ಟಾಪ್ 60, ಎರಡು ಫೋನ್ 30, ನೀರಿನ ಪಂಪಿಗೆ ಹತ್ತಕ್ಕಿಂತ ಕಡಿಮೆ. ಕೂಡಿದರೆ ಸುಮಾರು 700. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಫ್ರಿಜ್ಜಿನದೇ. ಅದಕ್ಕೆ ಗಾಳಿ ಆಡುವ ಜಾಗ ಕೊಟ್ಟು ನೆರಳಿನ ಬದಿಯಲ್ಲಿ ಇಟ್ಟರೆ ಉಳಿಯುವಷ್ಟು ಕರೆಂಟು ದೀಪಗಳನ್ನು ಆರಿಸಿ ಕತ್ತಲಲ್ಲಿ ಕೂತರೂ ಉಳಿಯದು.

ಬಿಸಿಲಿಲ್ಲದೆ ಎರಡು ದಿನ ನಡೆಯಬೇಕಾದರೆ 1,400 ವ್ಯಾಟ್-ಅವರ್ ಬೇಕು. ಲೆಡ್-ಆಸಿಡ್ ಮತ್ತು ಎಜಿಎಂ (ಆಸಿಡ್ ತುಳುಕದಂತೆ ಮುಚ್ಚಿದ ಲೆಡ್-ಆಸಿಡ್) ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅವುಗಳ ಆಯಸ್ಸು ಕುಗ್ಗುತ್ತದೆ. ಅಂದರೆ ಇದರ ಎರಡರಷ್ಟು, 2,800 ವ್ಯಾಟ್-ಅವರ್, ಕೊಳ್ಳಬೇಕು. 12 ವೋಲ್ಟಿನಿಂದ ಭಾಗಿಸಿದರೆ 230 ಆಂಪಿಯರ್-ಅವರ್ ಮೇಲ್ಪಟ್ಟು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರಕ್ಕೆ 90ರಷ್ಟು ಬಳಸಬಹುದು, 150 ಆಂಪಿಯರ್-ಅವರ್ ಸಾಕು, ತೂಕವೂ ಅರ್ಧಕ್ಕಿಂತ ಕಡಿಮೆ. ಅದರ ಎರಡು ಗುಣ ತಿಳಿದಿರಲಿ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಅದನ್ನು ಚಾರ್ಜ್ ಮಾಡಿದರೆ ಸೆಲ್ಲುಗಳು ಶಾಶ್ವತವಾಗಿ ಕೆಡುತ್ತವೆ, ಹಾಗಾಗಿ ಚಳಿ ಊರಿಗೆ ಹೋಗುವವರು ಅದನ್ನು ಮಲಗುವ ಕೋಣೆಯ ಬೆಚ್ಚನೆಯ ಭಾಗದಲ್ಲೇ ಇಡಬೇಕು. ಇನ್ನೊಂದು, ಅದರ ವೋಲ್ಟೇಜು ತುಂಬಿದಾಗಲೂ ಮುಕ್ಕಾಲು ಖಾಲಿಯಾದಾಗಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ನೆಗೆಟಿವ್ ಕೇಬಲ್‌ಗೆ ಶಂಟ್ (ಹೋಗಿ ಬರುವ ಕರೆಂಟನ್ನು ಅಳೆಯುವ ತುಂಡು) ಹಾಕಿದ ಮಾನಿಟರ್ ಬೇಕೇ ಬೇಕು.

ತುಂಬಿಸುವ ದಾರಿ ಎರಡು. 200 ವ್ಯಾಟಿನ ಪ್ಯಾನೆಲ್ ಚಾವಣಿಯ ಮೇಲೆ ಮಲಗಿಸಿದ್ದರೆ, ಐದು ಗಂಟೆಯ ಒಳ್ಳೆಯ ಬಿಸಿಲಿಗೆ ಸುಮಾರು 700 ವ್ಯಾಟ್-ಅವರ್ ಕೊಡುತ್ತದೆ. ಮೋಡ ಕವಿದರೆ ಅದು ಕಾಲುಭಾಗಕ್ಕೂ ಇಳಿಯಬಹುದು. ಪ್ಯಾನೆಲ್ ಕೆಳಗೆ ಎರಡು ಮೂರು ಸೆಂ.ಮೀ. ಸಂದು ಬಿಡಿ, ಕಾದ ಪ್ಯಾನೆಲ್ ಕಡಿಮೆ ಕೊಡುತ್ತದೆ. ಫ್ಯಾನಿನ ಮುಚ್ಚಳದ ನೆರಳು ಮೂಲೆಗೆ ಬಿದ್ದರೂ ಉತ್ಪಾದನೆ ಬಹಳ ಕುಸಿಯುವುದರಿಂದ, ಜಾಗ ಗುರುತಿಸುವಾಗಲೇ ಮುಚ್ಚಳವನ್ನು ಎತ್ತಿ ನೋಡಿ. ಎರಡನೆಯ ದಾರಿ ಎಂಜಿನ್. 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಎಂಜಿನ್ ಕಡೆಯ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ ಸಾಧನ) ಇದ್ದರೆ ಒಂದು ಗಂಟೆಯ ಓಡಾಟಕ್ಕೆ ಸುಮಾರು 400 ವ್ಯಾಟ್-ಅವರ್ ಬರುತ್ತದೆ, ಎರಡು ಗಂಟೆ ಓಡಿಸಿದರೆ ಒಂದು ದಿನದ ಖರ್ಚು ದಾಟಿತು. ದಿನಾ ಊರು ಬದಲಿಸುವವರಿಗೆ ಪ್ಯಾನೆಲ್‌ಗಿಂತ ಇದೇ ಮೇಲು. ಲಿಥಿಯಂ ಬ್ಯಾಟರಿಯನ್ನು ಬರಿ ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್ಚು) ಮೂಲಕ, ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್‌ಗೆ ಜೋಡಿಸಬೇಡಿ. ಅದು ಸಿಕ್ಕಷ್ಟೂ ಕರೆಂಟು ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು.

ವೈರು ಮತ್ತು ಫ್ಯೂಸು

"ಬ್ಯಾಟರಿ ತುಂಬಿದೆ, ಆದರೂ ಫ್ರಿಜ್ಜು ಬೀಪ್ ಹೊಡೆದು ನಿಲ್ಲುತ್ತದೆ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ತೆಳು ವೈರು. 12 ವೋಲ್ಟಿನಲ್ಲಿ ಸಣ್ಣ ನಷ್ಟವೂ ದೊಡ್ಡದು. ಲೆಕ್ಕ ಸರಳ: ಕರೆಂಟನ್ನು ವೈರಿನ ಹೋಗಿ-ಬರುವ ಒಟ್ಟು ಉದ್ದದಿಂದ ಗುಣಿಸಿ, ಅದನ್ನು 0.0175ರಿಂದ (ತಾಮ್ರದ ವೈರು ಕರೆಂಟಿಗೆ ಒಡ್ಡುವ ತಡೆಯ ಅಂಕಿ) ಗುಣಿಸಿ, ವೈರಿನ ಚದರ ಮಿ.ಮೀ.ಯಿಂದ ಭಾಗಿಸಿ. ಐದು ಆಂಪಿಯರ್, ಐದು ಮೀಟರ್ ದೂರ, ಅಂದರೆ ಹೋಗಿ-ಬಂದು ಹತ್ತು. 1.5 ಚದರ ಮಿ.ಮೀ. ವೈರಿನಲ್ಲಿ 0.58 ವೋಲ್ಟ್ ದಾರಿಯಲ್ಲೇ ಹೋಯಿತು. 6 ಚದರ ಮಿ.ಮೀ. ಹಾಕಿದರೆ ಹೋಗುವುದು 0.15 ಮಾತ್ರ. ಕಂಪ್ರೆಸರ್ ಎದ್ದು ಓಡುವ ಕ್ಷಣದಲ್ಲಿ ಕರೆಂಟು ಇನ್ನೂ ಹೆಚ್ಚು, ಆಗಲೇ ವೋಲ್ಟೇಜು ಕುಸಿದು ಫ್ರಿಜ್ಜಿನ ರಕ್ಷಣಾ ವ್ಯವಸ್ಥೆ ಅದನ್ನು ನಿಲ್ಲಿಸುವುದು.

ಪರೀಕ್ಷೆ ಹೀಗೆ: ಫ್ರಿಜ್ಜು ಓಡುತ್ತಿರುವಾಗ ಮಲ್ಟಿಮೀಟರ್‌ನಲ್ಲಿ ಬ್ಯಾಟರಿಯ ತಲೆಯಲ್ಲಿ ಒಮ್ಮೆ, ಫ್ರಿಜ್ಜಿನ ಪ್ಲಗ್ಗಿನಲ್ಲಿ ಒಮ್ಮೆ ಅಳೆಯಿರಿ. ವ್ಯತ್ಯಾಸ 0.36 ವೋಲ್ಟ್ ಮೀರಿದರೆ, ಅಂದರೆ ನೂರಕ್ಕೆ ಮೂರು ದಾಟಿದರೆ, ವೈರು ಬದಲಿಸಿ ಅಥವಾ ಸಡಿಲ ಜಾಯಿಂಟ್ ಹುಡುಕಿ. ಸಿಗರೇಟ್ ಲೈಟರ್ ಸಾಕೆಟ್ಟು ಕುಲುಕಾಟಕ್ಕೆ ಸಡಿಲವಾಗಿ ಕಾಯುತ್ತದೆ. ಫ್ರಿಜ್ಜಿಗೆ ಆಂಡರ್ಸನ್ ಕನೆಕ್ಟರ್ (ಬಿಗಿಯಾಗಿ ಕಚ್ಚಿಕೊಳ್ಳುವ ಪ್ಲಗ್ಗು) ಹಾಕಿಬಿಡುವುದು ವಾಸಿ.

ಫ್ಯೂಸು ಇರುವುದು ಉಪಕರಣಕ್ಕಿಂತ ಮೊದಲು ವೈರನ್ನು ಕಾಪಾಡಲು. ಹಾಗಾಗಿ ಅದರ ಜಾಗ ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ, ಸಾಧ್ಯವಾದರೆ 20 ಸೆಂ.ಮೀ. ಒಳಗೆ. ಫೋಮಿನ ನಡುವೆ ಹಾಯುವ ವೈರಿಗೆ ಕಾವು ಹೊರಹೋಗುವುದಿಲ್ಲವಾದ್ದರಿಂದ ಕೈಬಿಗಿ ಹಿಡಿದೇ ಹಾಕಿ: 2.5 ಚದರ ಮಿ.ಮೀ. ವೈರಿಗೆ 15 ಆಂಪಿಯರ್ ಫ್ಯೂಸು, 6ಕ್ಕೆ 30. ವೈರು ಸಣ್ಣ ಎಳೆಗಳ ತಾಮ್ರದ್ದೇ ಇರಲಿ. ಮನೆಗೆ ಬಳಸುವ ಗಟ್ಟಿ ಒಂಟಿ ತಂತಿ ಕುಲುಕಾಟಕ್ಕೆ ಒಳಗೇ ಮುರಿಯುತ್ತದೆ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ತುದಿಗಳನ್ನು ಸರಿಯಾದ ಕ್ರಿಂಪಿಂಗ್ ಉಪಕರಣದಲ್ಲಿ ಒತ್ತಿ, ಒಮ್ಮೆ ಬಲವಾಗಿ ಎಳೆದು ನೋಡಿ. ಬರುವುದಿದ್ದರೆ ಈಗಲೇ ಕಿತ್ತು ಬರಲಿ.

ಇನ್ವರ್ಟರ್ ಬಗ್ಗೆ ಒಂದೇ ಮಾತು: ಅದಿಲ್ಲದೆ ನಡೆದರೆ ನಡೆಸಿ. 1,000 ವ್ಯಾಟಿನ ಭಾರ ಹಾಕಿದರೆ ಬ್ಯಾಟರಿಯಿಂದ 90 ಆಂಪಿಯರ್‌ನಷ್ಟು ಎಳೆಯುತ್ತದೆ, ಅದಕ್ಕೆ 25–35 ಚದರ ಮಿ.ಮೀ. ಕೇಬಲ್ ಬೇಕು, ಉದ್ದ ಒಂದು ಮೀಟರ್ ದಾಟಬಾರದು. ಏನೂ ಓಡದಿದ್ದರೂ ಆನ್ ಇದ್ದ ಇನ್ವರ್ಟರ್ ಹತ್ತು ವ್ಯಾಟ್ ತಿಂದರೆ ದಿನಕ್ಕೆ 240, ನಮ್ಮ ಲೆಕ್ಕದ ಮೂರನೇ ಒಂದು ಭಾಗ. ಫೋನು, ಲ್ಯಾಪ್‌ಟಾಪ್ ಎರಡನ್ನೂ 12 ವೋಲ್ಟಿನ ಯುಎಸ್‌ಬಿ-ಸಿ ಚಾರ್ಜರ್‌ನಿಂದ ತುಂಬಿಸಿಕೊಳ್ಳಬಹುದು.

ಬೆಂಕಿ ಮತ್ತು ಗ್ಯಾಸು

ಇಲ್ಲಿ ರಾಜಿ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಮಲಗಿದಾಗ ತಲೆ ಇರುವ ಎತ್ತರದಲ್ಲಿ ಅದರ ಅಲಾರಂ ಹಾಕಿ, ಇಎನ್ 50291-2 ಎಂದು ಬರೆದಿರುವುದನ್ನೇ ಕೊಳ್ಳಿ. ವಾಹನ ಮತ್ತು ದೋಣಿಗಳಿಗೆಂದೇ ಇರುವ ಮಾನದಂಡ ಅದು. ಮೈ ಬೆಚ್ಚಗೆ ಮಾಡಿಕೊಳ್ಳಲು ಅಡುಗೆ ಒಲೆ ಹಚ್ಚುವುದು, ಆರಿದಂತೆ ಕಾಣುವ ಇದ್ದಿಲಿನ ಒಲೆಯನ್ನು ಒಳಗೆ ತಂದಿಡುವುದು, ಎರಡೂ ಪ್ರಾಣಕ್ಕೆ ಕುತ್ತು. ಡೀಸೆಲ್ ಹೀಟರ್ ಹಾಕಿಸಿದರೆ ಅದರ ಉರಿಗೆ ಬೇಕಾದ ಗಾಳಿ ಬರುವುದೂ ಹೊಗೆ ಹೋಗುವುದೂ ವ್ಯಾನಿನ ಹೊರಗೇ ಇರಬೇಕು. ಅದನ್ನು ನಿಲ್ಲಿಸುವಾಗ ಮೇನ್ ಸ್ವಿಚ್ ತೆಗೆಯಬೇಡಿ, ಆಫ್ ಒತ್ತಿದ ಮೇಲೂ ಅದು ತಣಿಯಲು ಕೆಲವು ನಿಮಿಷ ಓಡಬೇಕು. ಸದಾ ಸಣ್ಣ ಉರಿಯಲ್ಲೇ ಇಟ್ಟರೆ ಒಳಗೆ ಮಸಿ ಕಟ್ಟುತ್ತದೆ, ಆಗಾಗ ಪೂರ್ತಿ ಉರಿಯಲ್ಲಿ ಓಡಿಸಿ.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಸಿಲಿಂಡರ್ ನೆಟ್ಟಗೆ ನಿಲ್ಲುವ, ಮಲಗುವ ಜಾಗದಿಂದ ಬಿಗಿಯಾಗಿ ಬೇರ್ಪಟ್ಟ ಪೆಟ್ಟಿಗೆಯಲ್ಲಿರಲಿ. ಪೆಟ್ಟಿಗೆಯ ತಳದಲ್ಲಿ ನೇರ ಹೊರಗೆ ತೆರೆಯುವ ತೂತು ಇರಲೇಬೇಕು. ಗ್ಯಾಸ್ ಅಲಾರಂ ನೆಲದ ಹತ್ತಿರ. ಒರಟು ರಸ್ತೆ ದಾಟಿದ ಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಬಳಿ ಇರಲಿ. ಒಲೆಯ ಹಿಂದೆ ಇಟ್ಟರೆ ಬೇಕಾದಾಗ ಕೈಗೆ ಸಿಗದು.

ನೀರು, ತೂಕ, ಹೊರಡುವ ಹೊತ್ತು

ಕುಡಿಯಲು, ಅಡುಗೆಗೆ, ಪಾತ್ರೆ ತೊಳೆಯಲು ಹಿಡಿತದಿಂದ ಬಳಸಿದರೆ ಇಬ್ಬರಿಗೆ ದಿನಕ್ಕೆ ಹತ್ತು ಲೀಟರ್‌ನಲ್ಲಿ ಕಳೆಯಬಹುದು, ಸ್ನಾನ ಬೇರೆ. ಒಂದು ದೊಡ್ಡ ಟ್ಯಾಂಕಿಗಿಂತ 20 ಲೀಟರಿನ ಎರಡು ಕ್ಯಾನು ಮೇಲು. ನಲ್ಲಿ ಇರುವಲ್ಲಿಗೆ ಹೊತ್ತೊಯ್ಯಬಹುದು, ಒಂದರ ನೀರು ಕೆಟ್ಟರೂ ಇನ್ನೊಂದು ಇರುತ್ತದೆ. ಬೆಳಕು ತಾಗಿದರೆ ಪಾಚಿ ಬೆಳೆಯುವುದರಿಂದ ಕ್ಯಾನು ಕತ್ತಲಲ್ಲಿರಲಿ. ಕೆಲವು ತಿಂಗಳಿಗೊಮ್ಮೆ ಲೀಟರಿಗೆ ಒಂದು ಮಿ.ಲೀ.ನಂತೆ ಪರಿಮಳವಿಲ್ಲದ 5% ಬ್ಲೀಚ್ ಬೆರೆಸಿ, ಪೈಪುಗಳಲ್ಲೂ ಹರಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಿರಿ. ನಂಬಿಕೆಯಿಲ್ಲದ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ ಕುಡಿಯಿರಿ, 2,000 ಮೀಟರ್ ಮೇಲಿನ ಎತ್ತರದಲ್ಲಿ ಮೂರು ನಿಮಿಷ. ತೊಳೆದ ನೀರಿಗೂ ಒಂದು ಕ್ಯಾನು ಬೇಕು, ಅದನ್ನು ಹಳ್ಳದ ಬದಿಗೆ ಸುರಿಯುವಂತಿಲ್ಲ.

ನೀರು, ಬ್ಯಾಟರಿಯಂಥ ಭಾರ ನೆಲಮಟ್ಟದಲ್ಲಿ, ಎರಡು ಆಕ್ಸಲ್‌ಗಳ ನಡುವೆ ಬರಬೇಕು, ಬೆಲ್ಟು ಅಥವಾ ಬೋಲ್ಟಿನಿಂದ ಚಾಸಿಗೆ ಬಿಗಿದಿರಬೇಕು. ಎಲ್ಲ ತುಂಬಿದ ಮೇಲೆ ಜನರ ಸಮೇತ ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ವಾಹನದ ಗರಿಷ್ಠ ತೂಕ ದಾಟಿದ್ದರೆ ಬ್ರೇಕ್, ಟಯರ್ ಎರಡಕ್ಕೂ ಕಷ್ಟ. ಟಯರಿನ ಪಕ್ಕದ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ: 2321 ಎಂದರೆ 2021ರ 23ನೇ ವಾರ. ಗಾಳಿಯನ್ನು ಬೆಳಿಗ್ಗೆ, ಟಯರು ತಣ್ಣಗಿರುವಾಗಲೇ ನೋಡಿ.

ರಾತ್ರಿ ತಂಗುವ ಜಾಗಕ್ಕೆ ಬೆಳಕಿರುವಾಗಲೇ ತಲುಪಿ. ಒಣಗಿದ ಹಳ್ಳದ ಪಾತ್ರದಲ್ಲಿ ನಿಲ್ಲಿಸಬೇಡಿ, ಮೇಲೆಲ್ಲೋ ಮಳೆ ಸುರಿದರೆ ಇಲ್ಲಿ ಆಕಾಶ ತಿಳಿಯಾಗಿದ್ದರೂ ನೀರು ಬರುತ್ತದೆ. ಒಣ ಕೊಂಬೆಯ ಮರದ ಅಡಿಯೂ ಬೇಡ. ಖಾಸಗಿ ಜಾಗವಾದರೆ ಕೇಳಿಯೇ ನಿಲ್ಲಿ. ಮೂತಿ ಹೊರದಾರಿಯ ಕಡೆಗಿರಲಿ, ಚಾಲಕನ ಸೀಟಿನ ದಾರಿಯಲ್ಲಿ ಸಾಮಾನು ಬೇಡ, ಕೀಲಿ ದಿನಾ ಒಂದೇ ಮೊಳೆಯಲ್ಲಿರಲಿ. ನೆಲ ಇಳಿಜಾರಿದ್ದರೆ ತಲೆಯ ಬದಿ ಮೇಲಕ್ಕೆ ಬರುವಂತೆ ರ‍್ಯಾಂಪ್ ಇಡಿ.

ಹೊರಡುವ ಮುನ್ನ ಗ್ಯಾಸ್ ವಾಲ್ವ್ ಮುಚ್ಚಿ, ಚಾವಣಿಯ ಮುಚ್ಚಳ ಇಳಿಸಿ, ಫ್ರಿಜ್ಜು ಮತ್ತು ಡ್ರಾಯರ್‌ಗಳ ಚಿಲಕ ಹಾಕಿ, ರ‍್ಯಾಂಪ್ ಎತ್ತಿಕೊಳ್ಳಿ. ಜನ ಹೆಚ್ಚು ಮರೆಯುವುದು ನೀರಿನ ಪಂಪಿನ ಸ್ವಿಚ್ಚನ್ನು. ಅದು ಆನ್ ಇದ್ದು ದಾರಿಯ ಕುಲುಕಾಟಕ್ಕೆ ಒಂದು ಕ್ಲಿಪ್ ಸಡಿಲವಾದರೂ ಸಾಕು, ಒತ್ತಡ ಇಳಿದಂತೆಲ್ಲ ಪಂಪು ಓಡುತ್ತಲೇ ಇದ್ದು ಕ್ಯಾನಿನ ನೀರೆಲ್ಲ ನೆಲದ ಹಲಗೆಯ ಅಡಿಗೆ ಸೇರುತ್ತದೆ. ಪಂಪಿಗೆ ಕೆಂಪು ದೀಪ ಇರುವ ಸ್ವಿಚ್ಚನ್ನು ಹಾಕಿ, ಅದನ್ನು ಬಾಗಿಲ ಪಕ್ಕ, ಇಳಿಯುವಾಗ ಕಣ್ಣಿಗೆ ಬೀಳುವ ಎತ್ತರದಲ್ಲಿ ಕೂರಿಸಿ.